ಇನ್ನೂ ಕಾಣದ ಪರಮಾಣು ಕ್ಷಯ

ರೇಡಿಯಮ್ ಎಂಬ ಧಾತುವಿನ ಹೆಸರನ್ನು ಕೇಳದವರು ವಿರಳ. ಅದು ಯಾರ ಪ್ರೇರಣೆಯೂ ಇಲ್ಲದೆ ತನ್ನಷ್ಟಕ್ಕೆ ತಾನೇ ಕಿರಣಗಳನ್ನು ಸೂಸುತ್ತ, ಸವೆಯುತ್ತ, ಬೇರೊಂದು ಧಾತುವಾಗಿ ಮಾರ್ಪಡುತ್ತದೆ. ಇಂದು ಒಂದು ತೊಲ ರೇಡಿಯಮ್ಮನ್ನು ಪೆಟ್ಟಿಗೆಯಲ್ಲಿಟ್ಟರೆ, ಸುಮಾರು ೧೬೦೦ ವರ್ಷಗಳ ಮೇಲೆ ಅದರಲ್ಲಿ ಅರ್ಧ ತೊಲ ಮಾತ್ರ ಉಳಿದಿರುತ್ತದೆ. ಈ ಅವಧಿಗೆ ಆ ಧಾತುವಿನ ಅರ್ಧಾಯುಷ್ಯವೆಂದು ಹೆಸರು. ಯುರೇನಿಯಮ್ಮಿನ ಅರ್ಧಾಯುಷ್ಯ ಸುಮಾರು ೪೫೦ ಕೋಟಿ ವರ್ಷ. ಥೋರಿಯಮ್ಮಿನದು ಸುಮಾರು ೧೪೦೦ ಕೋಟಿ ವರ್ಷ. ವಿಶ್ವವು ಹುಟ್ಟಿ ಇಂದಿಗೆ ಸುಮಾರು ೧೩೮೦ ಕೋಟಿ ವರ್ಷಗಳಾದುವೆಂದು ವಿಜ್ಞಾನಿಗಳ ಲೆಕ್ಕ. ಥೋರಿಯಮ್ಮಿನ ಸವೆತವೇ ಇಷ್ಟು ನಿಧಾನವಾದರೆ, ಇದಕ್ಕಿಂತ ನಿಧಾನವಾದುದು ಇರಲಾರದೆಂದು ನಮಗೆ ತೋರುವುದು ಸಹಜ.

ಆದರೆ ಇಂದು ಭೂಮಿಯ ಹಲವು ಕಡೆ, ಬೆಟ್ಟದ ಕೆಳಗೂ ಗಣಿಯ ಆಳದಲ್ಲಿಯೂ, ನೂರಾರು ಮಂದಿ ವಿದ್ವಾಂಸರು ಇದಕ್ಕಿಂತ ಎಷ್ಟೋ ಕೋಟಿ ಕೋಟಿ ಪಾಲು ನಿಧಾನವಾದ ಒಂದು ಕ್ಷಯವನ್ನು ಹುಡುಕುತ್ತಿದ್ದಾರೆ. ಅದನ್ನು ಈವರೆಗೆ ಯಾರೂ ನಿಸ್ಸಂದೇಹವಾಗಿ ಕಂಡಿಲ್ಲ. ಅದು ನಡೆಯುತ್ತದೆಯೋ ಇಲ್ಲವೋ ಎಂಬುದೂ ನಿಶ್ಚಯವಿಲ್ಲ. ಹೀಗಿರುವಾಗ ಇಷ್ಟು ಶ್ರಮವೇಕೆ, ಇಷ್ಟು ವೆಚ್ಚವೇಕೆ, ಕಾಣದುದನ್ನು ಅಳೆಯುವ ಬಗೆಯಾದರೂ ಯಾವುದು ಎಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ಪ್ರತಿಯೊಂದು ಪರಮಾಣುವಿನ ನಡುವೆಯೂ ಒಂದು ಬೀಜವಿದೆ. ಆ ಬೀಜವು ಪ್ರೋಟಾನು, ನ್ಯೂಟ್ರಾನು ಎಂಬ ಎರಡು ಬಗೆಯ ಕಣಗಳಿಂದಾದುದು. ಪ್ರೋಟಾನುಗಳ ಸಂಖ್ಯೆ ಬದಲಾದರೆ ಧಾತುವೇ ಬದಲಾಗುತ್ತದೆ. ಕೆಲವು ಬೀಜಗಳಲ್ಲಿ ನ್ಯೂಟ್ರಾನೊಂದು ಪ್ರೋಟಾನಾಗಿ ಮಾರ್ಪಟ್ಟು ಒಂದು ಎಲೆಕ್ಟ್ರಾನನ್ನು ಹೊರಕ್ಕೆ ಎಸೆಯುತ್ತದೆ. ಇದೇ ಬೀಟಾ ಕ್ಷಯ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಕ್ಷಯವು ವಿಜ್ಞಾನಿಗಳನ್ನು ಬಹಳವಾಗಿ ಕಾಡಿತು. ಬೀಜವು ಪ್ರತಿಸಾರಿಯೂ ಕಳೆದುಕೊಳ್ಳುವ ಶಕ್ತಿ ಒಂದೇ. ಆದರೆ ಹೊರಬಂದ ಎಲೆಕ್ಟ್ರಾನಿನ ಶಕ್ತಿ ಒಂದು ಸಾರಿ ಹೆಚ್ಚು, ಒಂದು ಸಾರಿ ಕಡಮೆ. ಉಳಿದ ಶಕ್ತಿ ಎಲ್ಲಿ ಹೋಯಿತು? ಶಕ್ತಿಯು ನಾಶವಾಗುವುದಿಲ್ಲವೆಂಬ ನಿಯಮವನ್ನೇ ಕೈಬಿಡಬೇಕೆ?

೧೯೩೦ರಲ್ಲಿ ವುಲ್ಫ್‌ಗ್ಯಾಂಗ್ ಪೌಲಿಯವರು ಒಂದು ಪರಿಹಾರವನ್ನು ಸೂಚಿಸಿದರು. ಎಲೆಕ್ಟ್ರಾನಿನ ಜೊತೆಯಲ್ಲಿ ವಿದ್ಯುದಂಶವಿಲ್ಲದ, ತೂಕವು ಇಲ್ಲವೆನ್ನುವಷ್ಟು ಅಲ್ಪವಾದ ಮತ್ತೊಂದು ಕಣವೂ ಹೊರಡುತ್ತಿರಬೇಕು. ಅದು ನಮ್ಮ ಉಪಕರಣಗಳಿಗೆ ಸಿಕ್ಕದೆ ಪಾರಾಗುತ್ತಿರಬೇಕು ಎಂಬುದು ಅವರ ಊಹೆ. ಇಟಲಿಯ ಎನ್ರಿಕೋ ಫರ್ಮಿಯವರು ಆ ಕಣವನ್ನು ನ್ಯೂಟ್ರಿನೋ ಎಂದು ಕರೆದು, ಬೀಟಾ ಕ್ಷಯದ ಸಿದ್ಧಾಂತವನ್ನು ಅದರ ಮೇಲೆ ಕಟ್ಟಿದರು. ಕಣವನ್ನು ಪ್ರಯೋಗದಲ್ಲಿ ಹಿಡಿದು ತೋರಿಸಲು ೧೯೫೬ರವರೆಗೆ ಕಾಯಬೇಕಾಯಿತು. ಅಮೆರಿಕದ ರೈನ್ಸ್ ಮತ್ತು ಕೋವನ್ ಎಂಬಿಬ್ಬರು ಪರಮಾಣು ಸ್ಥಾವರವೊಂದರ ಬಳಿ ಅದರ ಗುರುತನ್ನು ಪತ್ತೆಮಾಡಿದರು.

ಈಗ ಜರ್ಮೇನಿಯಮ್ ಎಂಬ ಧಾತುವನ್ನು ತೆಗೆದುಕೊಳ್ಳೋಣ. ಅದರಲ್ಲಿ ನೂರಕ್ಕೆ ಸುಮಾರು ೮ ಪಾಲು ಪರಮಾಣುಗಳ ಬೀಜದಲ್ಲಿ ಪ್ರೋಟಾನು ನ್ಯೂಟ್ರಾನುಗಳು ಒಟ್ಟು ೭೬ ಇರುತ್ತವೆ. ಇದನ್ನು ಜರ್ಮೇನಿಯಮ್ ೭೬ ಎನ್ನೋಣ. ಒಂದು ನ್ಯೂಟ್ರಾನು ಮಾರ್ಪಟ್ಟರೆ ಅದು ಆರ್ಸೆನಿಕ್ ಆಗಬೇಕು. ಆದರೆ ಆರ್ಸೆನಿಕ್ ೭೬ರ ಶಕ್ತಿಯ ಮಟ್ಟ ಜರ್ಮೇನಿಯಮ್ಮಿನದಕ್ಕಿಂತ ಮೇಲಿದೆ. ನೀರು ತಾನಾಗಿ ದಿಣ್ಣೆಯನ್ನು ಹತ್ತಲಾರದಂತೆ ಈ ಬೀಜವೂ ಅಲ್ಲಿಗೆ ಹೋಗಲಾರದು. ದಿಣ್ಣೆಯ ಆಚೆಗೆ ಸೆಲೀನಿಯಮ್ ೭೬ ಎಂಬ ತಗ್ಗು ಇದೆ. ಎರಡು ನ್ಯೂಟ್ರಾನುಗಳು ಒಂದೇ ಸಲಕ್ಕೆ ಮಾರ್ಪಟ್ಟರೆ ಬೀಜವು ನಡುವಣ ದಿಣ್ಣೆಯನ್ನು ಮುಟ್ಟದೆಯೇ ಆ ತಗ್ಗನ್ನು ಸೇರಬಹುದು. ಇದಕ್ಕೆ ಜೋಡಿ ಬೀಟಾ ಕ್ಷಯವೆಂದು ಹೆಸರು. ಇದರಲ್ಲಿ ಎರಡು ಎಲೆಕ್ಟ್ರಾನುಗಳೂ ಎರಡು ಪ್ರತಿನ್ಯೂಟ್ರಿನೋಗಳೂ ಹೊರಬರುತ್ತವೆ. ೧೯೩೫ರಲ್ಲಿ ಮರಿಯಾ ಗೋಪರ್ಟ್ ಮೇಯರ್ ಎಂಬ ವಿದುಷಿ ಇಂಥ ಕ್ಷಯದ ಅರ್ಧಾಯುಷ್ಯವನ್ನು ಗಣಿಸಿ, ಅದು ಒಂದರ ಮುಂದೆ ೧೭ ಸೊನ್ನೆಗಳನ್ನಿಟ್ಟಷ್ಟು ವರ್ಷಗಳಿಗೂ ಮೀರಿರಬೇಕೆಂದು ತೋರಿಸಿದರು.

ಇಷ್ಟು ವಿರಳವಾದುದನ್ನು ಮೊದಲು ಗುರುತಿಸಿದ್ದು ಕಲ್ಲಿನಲ್ಲಿ. ೧೯೫೦ರಲ್ಲಿ ಇಂಗ್ರಾಮ್ ಮತ್ತು ರೆನಾಲ್ಡ್ಸ್ ಎಂಬವರು ಸ್ವೀಡನ್ನಿನ ಗಣಿಯಿಂದ ಬಂದ ಅತಿ ಪುರಾತನವಾದ ಟೆಲ್ಲೂರಿಯಮ್ ಅದುರನ್ನು ಪರೀಕ್ಷಿಸಿದರು. ಟೆಲ್ಲೂರಿಯಮ್ ಜೋಡಿ ಕ್ಷಯಹೊಂದಿದರೆ ಕ್ಸೆನಾನ್ ಎಂಬ ಅನಿಲವಾಗುತ್ತದೆ. ಕೋಟಿಗಟ್ಟಲೆ ವರ್ಷಗಳಿಂದ ಅದುರಿನೊಳಗೆ ಸಿಕ್ಕಿಕೊಂಡಿದ್ದ ಆ ಅನಿಲದ ಅಂಶ ಅವರಿಗೆ ದೊರೆಯಿತು. ಪ್ರಯೋಗಶಾಲೆಯಲ್ಲಿ ಈ ಕ್ಷಯವನ್ನು ನೇರವಾಗಿ ಕಂಡದ್ದು ೧೯೮೭ರಲ್ಲಿ. ಕ್ಯಾಲಿಫೋರ್ನಿಯಾದ ಎಲಿಯಟ್, ಹಾನ್, ಮೋ ಎಂಬ ಮೂವರು ಸೆಲೀನಿಯಮ್ ೮೨ ಎಂಬುದರ ಕೆಲವೇ ಗ್ರಾಮುಗಳನ್ನು ಇಟ್ಟುಕೊಂಡು, ಅದರ ಅರ್ಧಾಯುಷ್ಯ ಸುಮಾರು ೧೧ರ ಮುಂದೆ ೧೯ ಸೊನ್ನೆಗಳಷ್ಟು ವರ್ಷವೆಂದು ಕಂಡುಕೊಂಡರು. ಈಚೆಗೆ ಸುಮಾರು ಹತ್ತು ಬಗೆಯ ಬೀಜಗಳಲ್ಲಿ ಇದು ಸಿದ್ಧವಾಗಿದೆ.

ಆದರೆ ನಾವು ಮೊದಲು ಹೇಳಿದ ಅನ್ವೇಷಣೆ ಇದಲ್ಲ, ಇದಕ್ಕಿಂತಲೂ ವಿರಳವಾದುದು. ೧೯೩೭ರಲ್ಲಿ ಇಟಲಿಯ ಎತ್ತೋರೆ ಮಯೋರಾನಾ ಎಂಬ ತರುಣ ಪಂಡಿತರು ಒಂದು ವಿಚಿತ್ರವಾದ ಪ್ರಶ್ನೆಯನ್ನೆತ್ತಿದರು. ಪ್ರತಿಯೊಂದು ಕಣಕ್ಕೂ ಒಂದು ಪ್ರತಿಕಣವುಂಟು. ಎಲೆಕ್ಟ್ರಾನಿಗೆ ಋಣವಿದ್ಯುತ್ತು, ಅದರ ಪ್ರತಿಕಣಕ್ಕೆ ಧನವಿದ್ಯುತ್ತು. ಆದುದರಿಂದ ಅವುಗಳ ಭೇದ ಸ್ಪಷ್ಟ. ವಿದ್ಯುತ್ತೇ ಇಲ್ಲದ ನ್ಯೂಟ್ರಿನೋವಿನಲ್ಲಿ ಈ ಭೇದವೇಕೆ ಇರಬೇಕು? ನ್ಯೂಟ್ರಿನೋ ತನ್ನ ಪ್ರತಿಕಣವೂ ತಾನೇ ಆಗಿರಬಾರದೇಕೆ? ಈ ಪ್ರಶ್ನೆಯನ್ನು ಕೇಳಿದ ಮರುವರ್ಷವೇ, ೧೯೩೮ರ ಮಾರ್ಚಿಯಲ್ಲಿ, ಅವರು ಪಲೆರ್ಮೋವಿನಿಂದ ನೇಪಲ್ಸಿಗೆ ಹಡಗಿನಲ್ಲಿ ಹೊರಟ ಸಮಯದಲ್ಲಿ ಕಣ್ಮರೆಯಾದರು. ಆದರೆ ಅವರ ಪ್ರಶ್ನೆ ಉಳಿಯಿತು. ೧೯೩೯ರಲ್ಲಿ ಅಮೆರಿಕದ ವೆಂಡೆಲ್ ಫರಿಯವರು ಅದಕ್ಕೊಂದು ಪರೀಕ್ಷೆಯನ್ನು ಸೂಚಿಸಿದರು. ಮಯೋರಾನಾ ಅವರ ಊಹೆ ನಿಜವಾದರೆ, ಜೋಡಿ ಕ್ಷಯದಲ್ಲಿ ಒಂದು ನ್ಯೂಟ್ರಾನು ಹೊರಗೆಡಹಿದ ನ್ಯೂಟ್ರಿನೋವನ್ನು ಇನ್ನೊಂದು ನ್ಯೂಟ್ರಾನು ಬೀಜದೊಳಗೇ ನುಂಗಿಬಿಡಬಹುದು. ಆಗ ಹೊರಗೆ ಬರುವುವು ಎರಡು ಎಲೆಕ್ಟ್ರಾನುಗಳು ಮಾತ್ರ. ನ್ಯೂಟ್ರಿನೋ ಒಂದೂ ಇಲ್ಲ.

ಇದರಿಂದ ಆಗುವುದೇನೆಂದು ಕೇಳಬಹುದು. ಪ್ರಕೃತಿಯ ವ್ಯವಹಾರಗಳೆಲ್ಲ ಒಂದು ಜಮಾ ಖರ್ಚಿನ ಪುಸ್ತಕದಂತೆ ನಡೆಯುತ್ತವೆ. ಸಾಧಾರಣವಾದ ಬೀಟಾ ಕ್ಷಯದಲ್ಲಿ ಹೊಸದಾಗಿ ಒಂದು ಎಲೆಕ್ಟ್ರಾನು ಹುಟ್ಟಿದರೆ, ಅದಕ್ಕೆ ಎದುರಾಗಿ ಒಂದು ಪ್ರತಿನ್ಯೂಟ್ರಿನೋ ಹುಟ್ಟಿ ಲೆಕ್ಕ ಸರಿಹೋಗುತ್ತದೆ. ನ್ಯೂಟ್ರಿನೋ ಇಲ್ಲದ ಕ್ಷಯದಲ್ಲಾದರೋ ಎರಡು ಎಲೆಕ್ಟ್ರಾನುಗಳು ಜಮೆಯಾದುವು, ಅವುಗಳಿಗೆ ಎದುರು ಬಾಬ್ತು ಏನೂ ಇಲ್ಲ. ದ್ರವ್ಯದ ಕಣಗಳು ಪ್ರತಿದ್ರವ್ಯದ ಜೊತೆಯಿಲ್ಲದೆ ಉಂಟಾದಂತಾಯಿತು. ವಿಶ್ವದ ಆದಿಯಲ್ಲಿ ದ್ರವ್ಯವೂ ಪ್ರತಿದ್ರವ್ಯವೂ ಸಮನಾಗಿ ಹುಟ್ಟಿದ್ದರೆ, ಒಂದನ್ನೊಂದು ನುಂಗಿ ಬೆಳಕು ಮಾತ್ರ ಉಳಿಯಬೇಕಾಗಿತ್ತು. ಆದರೆ ನಕ್ಷತ್ರಗಳಿವೆ, ಭೂಮಿಯಿದೆ, ನಾವಿದ್ದೇವೆ. ದ್ರವ್ಯದ ಕಡೆಗೆ ಆ ಅಲ್ಪವಾದ ಮಿಗತೆ ಹೇಗೆ ಬಂದಿತೆಂಬುದು ಇಂದಿನ ಭೌತವಿಜ್ಞಾನದ ಮಹಾ ಪ್ರಶ್ನೆಗಳಲ್ಲೊಂದು. ನ್ಯೂಟ್ರಿನೋ ಇಲ್ಲದ ಕ್ಷಯವು ಒಂದೇ ಒಂದು ಧಾತುವಿನಲ್ಲಿ ಸಿದ್ಧವಾದರೂ, ಆ ಲೆಕ್ಕದ ಪುಸ್ತಕವು ಎಲ್ಲ ಕಾಲದಲ್ಲಿಯೂ ಸರಿಹೋಗಬೇಕಾದ ಕಟ್ಟಿಲ್ಲವೆಂದು ತಿಳಿಯುತ್ತದೆ. ನಮ್ಮ ಇರವಿಗೆ ಕಾರಣವನ್ನು ಹುಡುಕುವವರಿಗೆ ಒಂದು ದಾರಿ ತೆರೆಯುತ್ತದೆ.

ಮತ್ತೊಂದು ಪ್ರಯೋಜನವೂ ಉಂಟು. ನ್ಯೂಟ್ರಿನೋವಿಗೆ ಸ್ವಲ್ಪವಾದರೂ ತೂಕವಿದ್ದಲ್ಲದೆ ಫರಿಯವರು ಹೇಳಿದ ಈ ಕೊಡುಕೊಳೆ ನಡೆಯದು. ತೂಕ ಎಷ್ಟು ಕಡಮೆಯೋ ಕ್ಷಯವು ಅಷ್ಟು ವಿರಳ. ನ್ಯೂಟ್ರಿನೋವಿಗೆ ತೂಕವುಂಟೆಂದು ೧೯೯೮ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗದಿಂದ ಖಚಿತವಾಯಿತು. ಆ ತೂಕವು ಎಲೆಕ್ಟ್ರಾನಿನ ತೂಕದ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಮೆಯೆಂದು ಬೇರೆ ಪ್ರಯೋಗಗಳು ತೋರಿಸಿವೆ. ನಿಜವಾಗಿ ಎಷ್ಟೆಂಬುದು ತಿಳಿದಿಲ್ಲ. ಈ ಕ್ಷಯದ ಅರ್ಧಾಯುಷ್ಯ ತಿಳಿದರೆ ಅದರ ಸುಳಿವು ಸಿಗುತ್ತದೆ.

ಹಾಗಾದರೆ ಎರಡು ಬಗೆಯ ಜೋಡಿ ಕ್ಷಯಗಳನ್ನು ಬೇರ್ಪಡಿಸಿ ತಿಳಿಯುವುದು ಹೇಗೆ? ಒಂದು ಆಸ್ತಿಯನ್ನು ನಾಲ್ವರಿಗೆ ಹಂಚಿ, ಅವರಲ್ಲಿ ಇಬ್ಬರು ನಮಗೆ ಕಾಣದೆ ಹೋದರೆ, ಕಾಣುವ ಇಬ್ಬರ ಪಾಲಿನ ಮೊತ್ತ ಒಮ್ಮೆ ಹೆಚ್ಚು ಒಮ್ಮೆ ಕಡಮೆ ಇರುತ್ತದೆ. ಆಸ್ತಿ ಆ ಇಬ್ಬರಿಗೇ ಸೇರಿದ್ದಾದರೆ ಮೊತ್ತ ಯಾವಾಗಲೂ ಪೂರ್ತಿಯಾಗಿಯೇ ಇರುತ್ತದೆ. ಹಾಗೆಯೇ ನ್ಯೂಟ್ರಿನೋಗಳಿಲ್ಲದಿದ್ದರೆ ಎರಡು ಎಲೆಕ್ಟ್ರಾನುಗಳ ಒಟ್ಟು ಶಕ್ತಿ ಪ್ರತಿಸಾರಿಯೂ ಒಂದೇ. ಜರ್ಮೇನಿಯಮ್ಮಿನಲ್ಲಿ ಅದು ೨೦೩೯ ಕಿಲೋ ಎಲೆಕ್ಟ್ರಾನ್‌ವೋಲ್ಟು. ಸರಿಯಾಗಿ ಈ ಅಂಕೆಯ ಬಳಿ ಗುರುತುಗಳು ಗುಂಪುಗೂಡಿದರೆ ಅನ್ವೇಷಣೆ ಫಲಿಸಿತೆನ್ನಬಹುದು.

ಇಂಥ ಆಯುಷ್ಯವನ್ನು ಅಳೆಯಲು ಅಷ್ಟು ವರ್ಷ ಕಾಯಬೇಕೆಂಬುದೇನೂ ಇಲ್ಲ. ಮನುಷ್ಯರ ಸರಾಸರಿ ಆಯುಸ್ಸನ್ನು ತಿಳಿಯಲು ಒಬ್ಬನ ಪಕ್ಕದಲ್ಲಿ ಎಂಬತ್ತು ವರ್ಷ ಕುಳಿತಿರಬೇಕಾಗಿಲ್ಲ. ದೊಡ್ಡ ಊರೊಂದರ ಜನನ ಮರಣದ ದಾಖಲೆಗಳನ್ನು ನೋಡಿದರೆ ಸಾಕು. ಒಂದು ಕಿಲೋಗ್ರಾಮ್ ಜರ್ಮೇನಿಯಮ್ ೭೬ರಲ್ಲಿ ಸುಮಾರು ೭೯ರ ಮುಂದೆ ೨೩ ಸೊನ್ನೆಗಳಷ್ಟು ಪರಮಾಣುಗಳಿವೆ. ಅರ್ಧಾಯುಷ್ಯ ೧೮ರ ಮುಂದೆ ೨೫ ಸೊನ್ನೆಗಳಷ್ಟು ವರ್ಷವಿದ್ದರೆ, ಅಂದರೆ ವಿಶ್ವದ ವಯಸ್ಸಿನ ನೂರು ಕೋಟಿ ಕೋಟಿಗೂ ಮಿಕ್ಕ ಪಾಲು ಇದ್ದರೆ, ಆ ಒಂದು ಕಿಲೋಗ್ರಾಮಿನಲ್ಲಿ ಸುಮಾರು ೩೩ ವರ್ಷಗಳಿಗೊಮ್ಮೆ ಒಂದು ಕ್ಷಯ ನಡೆಯುತ್ತದೆ. ನೂರು ಕಿಲೋಗ್ರಾಮಿದ್ದರೆ ವರ್ಷಕ್ಕೆ ಮೂರು. ಐದಾರು ವರ್ಷ ಎಚ್ಚರದಿಂದ ಕಾದರೂ ಒಂದೂ ಕಾಣಲಿಲ್ಲವಾದರೆ, ಆಯುಷ್ಯವು ಅದಕ್ಕಿಂತ ದೀರ್ಘವೆಂದು ಧೈರ್ಯವಾಗಿ ಹೇಳಬಹುದು. ಹೀಗೆ ಕಾಣದಿರುವುದೂ ಒಂದು ಅಳತೆಯೇ.

ಆದರೆ ಕಷ್ಟವಿರುವುದು ಕಾಯುವುದರಲ್ಲಿ ಅಲ್ಲ, ಸದ್ದನ್ನು ಅಡಗಿಸುವುದರಲ್ಲಿ. ನಾವು ತಿನ್ನುವ ಒಂದು ಬಾಳೆಯ ಹಣ್ಣಿನಲ್ಲಿರುವ ಪೊಟಾಸಿಯಮ್ಮಿನಿಂದ ಸೆಕೆಂಡಿಗೆ ಸುಮಾರು ೧೫ ಪರಮಾಣುಗಳು ಕ್ಷಯಹೊಂದುತ್ತವೆ. ನಮ್ಮ ದೇಹದೊಳಗೇ ಸೆಕೆಂಡಿಗೆ ಸಾವಿರಾರು. ಮೇಲಿನಿಂದ ಬೀಳುವ ವಿಶ್ವಕಿರಣಗಳು ನಮ್ಮ ಅಂಗೈಯನ್ನು ಸುಮಾರು ಸೆಕೆಂಡಿಗೊಂದರಂತೆ ಹಾದುಹೋಗುತ್ತವೆ. ಗೋಡೆಯ ಕಲ್ಲಿನಲ್ಲಿ ಯುರೇನಿಯಮ್ಮಿದೆ, ಗಾಳಿಯಲ್ಲಿ ರೇಡಾನ್ ಅನಿಲವಿದೆ, ಬೆವರಿನ ಹನಿಯಲ್ಲಿ ಪೊಟಾಸಿಯಮ್ಮಿದೆ. ಇಷ್ಟು ಗಲಾಟೆಯ ನಡುವೆ ವರ್ಷಕ್ಕೆ ಒಂದೆರಡು ಸಾರಿ ಮಾತ್ರ ಬರುವ ಪಿಸುಮಾತನ್ನು ಕೇಳಬೇಕು. ಜಾತ್ರೆಯ ತೇರಿನ ಬಳಿ ನಿಂತು ಗಡಿಯಾರದ ಟಿಕ್ ಶಬ್ದವನ್ನು ಕೇಳುವುದು ಇದಕ್ಕಿಂತ ಸುಲಭ.

ಆದುದರಿಂದಲೇ ಈ ಪ್ರಯೋಗಗಳು ನೆಲದಡಿಗೆ ಇಳಿದಿವೆ. ಇಟಲಿಯ ಗ್ರಾನ್ ಸಾಸ್ಸೋ ಪರ್ವತದೊಳಗಿನ ಪ್ರಯೋಗಶಾಲೆಯ ಮೇಲೆ ಸುಮಾರು ೧೪೦೦ ಮೀಟರ್ ಬಂಡೆಯಿದೆ. ಅದನ್ನು ದಾಟಿ ಬರುವ ವಿಶ್ವಕಿರಣಗಳು ಮೇಲಿನವುಗಳ ಹತ್ತು ಲಕ್ಷದ ಒಂದು ಪಾಲು ಮಾತ್ರ. ಈ ಉಪಾಯ ನಮ್ಮ ನಾಡಿಗೆ ಅಪರಿಚಿತವೇನಲ್ಲ. ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು ೨.೩ ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಓಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರೊಡಗೂಡಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಲೋಕದಲ್ಲಿ ಅಂಥ ನ್ಯೂಟ್ರಿನೋಗಳನ್ನು ಮೊದಲು ಕಂಡ ಎಡೆಗಳಲ್ಲಿ ಅದೂ ಒಂದು.

ಆಳಕ್ಕಿಳಿದ ಮೇಲೆಯೂ ಕೆಲಸ ಮುಗಿಯಲಿಲ್ಲ. ಕಿರಣಗಳನ್ನು ತಡೆಯಲು ಸೀಸದ ಗೋಡೆ ಬೇಕು. ಆದರೆ ಹೊಸದಾಗಿ ತೆಗೆದ ಸೀಸದಲ್ಲಿಯೇ ಸುಮಾರು ೨೨ ವರ್ಷ ಅರ್ಧಾಯುಷ್ಯವುಳ್ಳ ಕ್ಷಯಶೀಲ ಅಂಶವೊಂದು ಬೆರೆತಿರುತ್ತದೆ. ಗ್ರಾನ್ ಸಾಸ್ಸೋವಿನ ಕ್ಯುವೋರೆ ಎಂಬ ಪ್ರಯೋಗದವರು ಇದಕ್ಕೆ ಕಂಡುಕೊಂಡ ಪರಿಹಾರ ಸ್ವಾರಸ್ಯವಾದುದು. ಸುಮಾರು ೨೦೦೦ ವರ್ಷಗಳ ಹಿಂದೆ ಸಾರ್ಡೀನಿಯಾ ದ್ವೀಪದ ಬಳಿ ಮುಳುಗಿದ್ದ ರೋಮನ್ ಹಡಗಿನ ಸೀಸದ ಗಟ್ಟಿಗಳು ಸಮುದ್ರದ ತಳದಲ್ಲಿ ದೊರೆತಿದ್ದುವು. ಇಷ್ಟು ಕಾಲದಲ್ಲಿ ಅವುಗಳೊಳಗಿನ ಆ ಅಂಶವೆಲ್ಲ ಸವೆದುಹೋಗಿತ್ತು. ಪುರಾತತ್ತ್ವಜ್ಞರು ಗಟ್ಟಿಗಳ ಮೇಲಿನ ಮುದ್ರೆಗಳನ್ನು ಬೇರ್ಪಡಿಸಿ ಕಾಪಾಡಿಕೊಂಡು, ಉಳಿದ ಸೀಸವನ್ನು ಭೌತವಿಜ್ಞಾನಿಗಳಿಗೆ ಕೊಟ್ಟರು. ಆ ಗೋಡೆಯೊಳಗೆ ಟೆಲ್ಲೂರಿಯಮ್ ಸೇರಿದ ೯೮೮ ಹರಳುಗಳನ್ನು ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೆಯ ಒಂದು ಪಾಲಿನಷ್ಟೇ ಮೇಲಿರುವ ಶೈತ್ಯದಲ್ಲಿಟ್ಟು, ಒಂದೇ ಪರಮಾಣುವಿನ ಕ್ಷಯದಿಂದ ಹುಟ್ಟುವ ಶಾಖವನ್ನು ಅಳೆಯುತ್ತಾರೆ. ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲಿ ನಡೆದ ಮತ್ತೊಂದು ಪ್ರಯೋಗದವರು, ಹೊರಗಿನ ತಾಮ್ರವನ್ನು ನಂಬದೆ, ವಿದ್ಯುತ್ತಿನ ಸಹಾಯದಿಂದ ಗಣಿಯೊಳಗೇ ಶುದ್ಧವಾದ ತಾಮ್ರವನ್ನು ಪದರ ಪದರವಾಗಿ ಬೆಳೆಸಿಕೊಂಡರು.

ಇಷ್ಟು ಶುದ್ಧಿಯನ್ನು ಮಡಿವಂತಿಕೆಯೆಂದು ಹಾಸ್ಯಮಾಡುವವರು ಈ ಅನ್ವೇಷಣೆಯ ಚರಿತ್ರೆಯನ್ನು ನೋಡಬೇಕು. ೧೯೪೯ರಲ್ಲಿ ಎಡ್ವರ್ಡ್ ಫೈರ್‌ಮನ್ ಎಂಬವರು ತವರದ ಒಂದು ಬಗೆಯಲ್ಲಿ ಜೋಡಿ ಕ್ಷಯದ ಗುರುತುಗಳು ಕಂಡುವೆಂದು ಪ್ರಕಟಿಸಿದರು. ಅವರು ಹೇಳಿದ ಆಯುಷ್ಯ ನ್ಯೂಟ್ರಿನೋ ಇಲ್ಲದ ಕ್ಷಯಕ್ಕೆ ಆಗ ಊಹಿಸಿದ್ದ ಅವಧಿಗೆ ಹೊಂದುತ್ತಿತ್ತು. ಮೂರೇ ವರ್ಷಗಳಲ್ಲಿ, ಅವರದೇ ಹೊಸ ಪರೀಕ್ಷೆಯಿಂದ, ಆ ಗುರುತುಗಳಿಗೆ ವಸ್ತುವಿನಲ್ಲಿ ಬೆರೆತಿದ್ದ ಅಲ್ಪ ಕಲ್ಮಷವೇ ಕಾರಣವೆಂದು ತಿಳಿದುಬಂದಿತು. ಕೋಲಾರದ ಗಣಿಯಲ್ಲಿ ೧೯೮೦ರ ದಶಕದಲ್ಲಿ ಪ್ರೋಟಾನಿನ ಕ್ಷಯವೆಂಬ ಮತ್ತೊಂದು ವಿರಳ ಘಟನೆಯನ್ನು ಹುಡುಕಿದಾಗಲೂ, ಹಾಗಿರಬಹುದೆಂದು ತೋರುವ ಕೆಲವು ಗುರುತುಗಳು ದೊರೆತುವು. ಬೇರೆ ದೇಶಗಳ ಹೆಚ್ಚು ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ೨೦೦೧ರಲ್ಲಿ ಗ್ರಾನ್ ಸಾಸ್ಸೋವಿನ ಜರ್ಮೇನಿಯಮ್ ಪ್ರಯೋಗವೊಂದರ ಕೂಟದಲ್ಲಿ ಕೆಲವರು ಮಾತ್ರ, ನ್ಯೂಟ್ರಿನೋ ಇಲ್ಲದ ಕ್ಷಯವನ್ನು ಕಂಡೆವೆಂದು ಸಾರಿದರು. ಸುಮಾರು ಹನ್ನೆರಡು ವರ್ಷ ಲೋಕವು ಅನುಮಾನದಲ್ಲಿತ್ತು. ೨೦೧೩ರಲ್ಲಿ ಅದೇ ಪರ್ವತದೊಳಗೆ, ಅದೇ ಧಾತುವನ್ನು ದ್ರವ ಆರ್ಗಾನಿನಲ್ಲಿ ಮುಳುಗಿಸಿ ಇನ್ನೂ ಹೆಚ್ಚಿನ ಮೌನವನ್ನು ಸಾಧಿಸಿದ ಗೆರ್ಡಾ ಎಂಬ ಪ್ರಯೋಗವು, ಅಲ್ಲಿ ಹೇಳಿದಂಥ ಗುರುತು ಕಾಣುವುದಿಲ್ಲವೆಂದು ತಿಳಿಸಿತು.

ಈ ಘಟನೆಗಳಲ್ಲಿ ಯಾರದೂ ಕಪಟವೆಂದು ಭಾವಿಸಬೇಕಾದುದಿಲ್ಲ. ಬಹುಕಾಲ ಹಂಬಲಿಸಿದುದು ಮಂಜಿನಲ್ಲಿ ಮಸುಕಾಗಿ ಕಂಡಾಗ ಅದೇ ಇದೆನ್ನುವ ಆಸೆ ಯಾರಿಗಾದರೂ ಸಹಜ. ವಿಜ್ಞಾನದ ಹೆಚ್ಚಳವೆಂದರೆ ಆ ಆಸೆಗೆ ಕಡಿವಾಣ ಹಾಕುವ ಪದ್ಧತಿಯನ್ನು ಅದು ರೂಢಿಸಿಕೊಂಡಿರುವುದು. ಗೆರ್ಡಾ ಪ್ರಯೋಗದವರು ೨೦೩೯ರ ಸುತ್ತಲಿನ ಅಂಕೆಗಳನ್ನು ತಮ್ಮಿಂದ ತಾವೇ ಮರೆಮಾಡಿಕೊಂಡು, ಯಾವ ಗುರುತನ್ನು ಎಣಿಸಬೇಕು, ಯಾವುದನ್ನು ತಳ್ಳಬೇಕು ಎಂಬ ನಿಯಮಗಳನ್ನೆಲ್ಲ ಮೊದಲೇ ಗೊತ್ತುಮಾಡಿ, ಆಮೇಲೆ ಮಾತ್ರ ಆ ಪೆಟ್ಟಿಗೆಯನ್ನು ತೆರೆದರು. ತಮ್ಮ ಆಸೆಯೇ ತಮ್ಮ ತೀರ್ಪನ್ನು ಕೆಡಿಸಬಾರದೆಂಬುದು ಇದರ ಉದ್ದೇಶ.

೨೦೨೦ರಲ್ಲಿ ಗೆರ್ಡಾ ಪ್ರಯೋಗವು ತನ್ನ ಕೊನೆಯ ಫಲಿತಾಂಶವನ್ನು ಪ್ರಕಟಿಸಿತು: ಜರ್ಮೇನಿಯಮ್ಮಿನಲ್ಲಿ ಈ ಕ್ಷಯದ ಅರ್ಧಾಯುಷ್ಯ ೧೮ರ ಮುಂದೆ ೨೫ ಸೊನ್ನೆಗಳಷ್ಟು ವರ್ಷಗಳಿಗಿಂತ ಹೆಚ್ಚು. ಜಪಾನಿನ ಕಾಮಿಯೋಕಾ ಗಣಿಯಲ್ಲಿ ಸುಮಾರು ೭೪೫ ಕಿಲೋಗ್ರಾಮ್ ಕ್ಸೆನಾನನ್ನು ಬೆಳಕುಗೊಡುವ ದ್ರವದಲ್ಲಿ ಕರಗಿಸಿ, ತೆಳುವಾದ ನೈಲಾನ್ ಬುರುಡೆಯೊಳಗೆ ತುಂಬಿ ನಡೆಸಿದ ಪ್ರಯೋಗವು ೨೦೨೪ರಲ್ಲಿ, ಕ್ಸೆನಾನಿನ ಮಟ್ಟಿಗೆ ಆ ಎಲ್ಲೆಯನ್ನು ೩೮ರ ಮುಂದೆ ೨೫ ಸೊನ್ನೆಗಳಿಗೆ ಏರಿಸಿತು. ಗೆರ್ಡಾದ ಮುಂದುವರಿಕೆಯಾದ ಲೆಜೆಂಡ್ ಪ್ರಯೋಗವು ಗ್ರಾನ್ ಸಾಸ್ಸೋವಿನಲ್ಲಿ ನಡೆಯುತ್ತಿದೆ. ಜರ್ಮೇನಿಯಮ್ಮನ್ನು ಮುಂದೆ ಒಂದು ಸಾವಿರ ಕಿಲೋಗ್ರಾಮಿಗೆ ಹೆಚ್ಚಿಸಿ, ಎಲ್ಲೆಯನ್ನು ಇನ್ನೂ ಹಲವು ಮಡಿ ಆಚೆಗೆ ತಳ್ಳಬೇಕೆಂಬುದು ಆ ಕೂಟದವರ ಸಂಕಲ್ಪ. ಈ ಎಲ್ಲೆ ಏರಿದಂತೆಲ್ಲ, ಮಯೋರಾನಾ ಅವರ ಊಹೆ ನಿಜವಾಗಿದ್ದರೆ ನ್ಯೂಟ್ರಿನೋವಿಗೆ ಇರಬಹುದಾದ ತೂಕವೂ ಇಳಿಯುತ್ತ ಬರುತ್ತದೆ. ಅಷ್ಟರಮಟ್ಟಿಗೆ, ಏನೂ ಕಾಣದ ಈ ವರ್ಷಗಳು ವ್ಯರ್ಥವಾದುವೆಂದು ಹೇಳುವಂತಿಲ್ಲ.

ಮುಂದೊಂದು ದಿನ ಈ ಕ್ಷಯವು ಕಂಡಿತೆಂಬ ಸುದ್ದಿ ವೃತ್ತಪತ್ರಿಕೆಗಳಲ್ಲಿ ಬರಬಹುದು. ಆಗ ವಿಚಾರಪರರಾದ ಕೇಳುಗರು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಕಂಡ ಗುರುತುಗಳು ಎಷ್ಟು? ಕ್ಷಯವು ನಡೆಯದಿದ್ದರೂ ಕಲ್ಮಷದಿಂದಲೇ ಅಷ್ಟು ಗುರುತುಗಳು ಬರುತ್ತಿದ್ದುವೆ? ಬೇರೊಂದು ಕಡೆಯಲ್ಲಿ, ಬೇರೊಂದು ಧಾತುವಿನಲ್ಲಿ, ಬೇರೊಂದು ಉಪಕರಣದಿಂದ ಇತರರೂ ಅದನ್ನು ಕಂಡರೆ? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆತ ದಿನ, ದ್ರವ್ಯವು ಈ ಲೋಕದಲ್ಲಿ ಉಳಿದ ಬಗೆಯ ವಿಷಯದಲ್ಲಿ ಮಾನವನು ಒಂದು ನಿಜವಾದ ಹೆಜ್ಜೆಯನ್ನು ಮುಂದಿಟ್ಟನೆಂದು ನಾವು ಸಂತೋಷಪಡಬಹುದು. ಅಲ್ಲಿಯವರೆಗೆ, ಕಾಣಲಿಲ್ಲವೆಂಬುದನ್ನು ಕಾಣಲಿಲ್ಲವೆಂದೇ ಹೇಳುತ್ತ ನೆಲದಡಿಯಲ್ಲಿ ಕಾಯುತ್ತಿರುವವರ ಕೆಲಸವೂ ನಮ್ಮ ಗೌರವಕ್ಕೆ ಪಾತ್ರವಾದುದೇ.